ಗುನ್‌ವೋರಳ ಬೆನ್ನುಚೀಲ

ಗುನ್‌ವೋರಳನ್ನು ಹೇಗಿದ್ದೀಯ ಎಂದು ಕೇಳುವುದೂ ನಮ್ಮೂರ ಚರ್ಚಿನ ಗಡಿಯಾರ ನೋಡುವುದೂ ಹೆಚ್ಚುಕಡಿಮೆ ಒಂದೇ. ಗಡಿಯಾರ ಕೆಟ್ಟು ನಿಂತಿದೆ, ಯಾವಾಗ ನೋಡಿದರೂ ಹತ್ತೂವರೆ. ಗುನ್‌ವೋರ್ ಯಾವಾಗ ಕೇಳಿದರೂ “ಪರವಾಗಿಲ್ಲ.” ಬಟ್ಟೆ ಒಗೆಯುವ ಯಂತ್ರದ ಬಾಗಿಲಿಗೆ ಸಿಕ್ಕಿ ಬೆರಳು ಮುರಿದ ದಿನವೂ ನಮ್ಮೆರಡು ಮನೆಗಳ ನಡುವಿನ ಬೇಲಿಯಾಚೆಯಿಂದ ಪಟ್ಟಿ ಸುತ್ತಿದ ಕೈ ಬೀಸಿ ಪರವಾಗಿಲ್ಲ ಎಂದಳು. ನಮ್ಮ ಕಡೆ ಅಂಥ ಉತ್ತರ ಬಂದ ಮೇಲೆ ಮತ್ತೆ ಕೆದಕುವುದು ಅಸಭ್ಯ. ನಾನು ಸಭ್ಯ ಮನುಷ್ಯ. ಆ ಸಭ್ಯತೆಯಲ್ಲಿ ಕಾಲು ಭಾಗ ಸೋಮಾರಿತನ ಎಂಬುದು ಬೇರೆ ಮಾತು.

ನಮ್ಮೂರು ಹೆಲ್ಲೆವೋಗಿನ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ಕೋಣೆ ಅವಳದು. ಐವತ್ತಮೂರು ವಯಸ್ಸು, ಗಟ್ಟಿ ಭುಜ, ಮಾತು ಕಮ್ಮಿ. ಆಗಸ್ಟಿನ ಮೊದಲ ಶನಿವಾರ ಮಾತ್ರ ಅವಳು ಬಟ್ಟೆಯ ಕೋಣೆ ಬಿಟ್ಟು ಕಡಲ ಕೊಲ್ಲಿಯ ದಂಡೆಗೆ ಬರುತ್ತಿದ್ದಳು. ಅಂದು ನೀಪ ಬೆಟ್ಟದ ಪಂದ್ಯ. ಬೆಳಗಾಗುತ್ತಲೇ ಇನ್ನೂರು ಜನ ದೋಣಿಯಿಂದ ತಣ್ಣೀರಿಗೆ ಹಾರುತ್ತಾರೆ, ನಾಲ್ಕು ಕಿಲೋಮೀಟರಿನಷ್ಟು ಈಜುತ್ತಾರೆ, ಆಮೇಲೆ ನೂರೆಂಬತ್ತು ಕಿಲೋಮೀಟರು ಸೈಕಲ್ಲು, ಅದಾದ ಮೇಲೆ ನಲವತ್ತೆರಡು ಕಿಲೋಮೀಟರು ಓಟ. ಓಟದ ಕೊನೆಯ ಭಾಗ ಓಟವೇ ಅಲ್ಲ. ನೀಪ ಬೆಟ್ಟದ ಬಂಡೆಗಳನ್ನು ಹತ್ತಿ ತುದಿಯ ಕಲ್ಲನ್ನು ಮುಟ್ಟಬೇಕು. ಎಲ್ಲೆಲ್ಲಿಂದಲೋ ಬರುವವರಿಗೆ ಚೀಟಿ ಎತ್ತಿ ಜಾಗ ಕೊಡುತ್ತಾರೆ. ಊರಿನವರು ಸಾರು ಕಾಯಿಸುತ್ತೇವೆ, ದಾರಿ ಕಾಯುತ್ತೇವೆ, ದೋಣಿ ನಡೆಸುತ್ತೇವೆ. ನೀರಿನಿಂದ ನಡುಗುತ್ತ ಬಂದವರಿಗೆ ಉಣ್ಣೆಯ ಕಂಬಳಿ ಹೊದಿಸುವುದು ಗುನ್‌ವೋರಳ ಕೆಲಸ. ಅವರು ಬೆಚ್ಚಗಾಗಿ ಸೈಕಲ್ಲು ಹತ್ತಿ ತಿರುವಿನಲ್ಲಿ ಮರೆಯಾಗುತ್ತಾರೆ. ಇವಳು ಒದ್ದೆ ಕಂಬಳಿ ಒಟ್ಟುಮಾಡಿ ಯಂತ್ರಕ್ಕೆ ಹಿಂತಿರುಗುತ್ತಾಳೆ. ಹೀಗೆ ಹನ್ನೊಂದು ವರ್ಷ.

“ಅವರೆಲ್ಲ ಅಲ್ಲಿ ಮೇಲೆ ಹೋಗಿ ಏನು ನೋಡ್ತಾರೋ, ನಾನು ಒಂದ್ಸಲಾನೂ ನೋಡಿಲ್ಲ,” ಎಂದು ಒಮ್ಮೆ ಬೇಲಿಯ ಹತ್ತಿರ ಹೇಳಿದಳು. ಅವಳ ಲೆಕ್ಕದಲ್ಲಿ ಅದು ಭಾಷಣ.

“ಬೇಸಿಗೇಲಿ ಒಂದು ಭಾನುವಾರ ನಡ್ಕೊಂಡು ಹೋಗಿ ನೋಡ್ಕೊಂಡು ಬಾ,” ಎಂದೆ.

“ಹಾಗಲ್ಲ. ಅವರು ಹೋಗೋ ಥರ ಹೋಗ್ಬೇಕು.”

ಕೆಲಸ ಮಾಡುವ ಊರಿನವರಿಗೆಂದು ವರ್ಷಕ್ಕೆ ಒಂದು ಜಾಗ ಮೀಸಲು. ಸರದಿಯ ಪ್ರಕಾರ ಬರುತ್ತದೆ, ಜನ್ಮಕ್ಕೊಂದೇ ಸಲ. ಹಿಂದೆ ನಾಲ್ಕು ಗಂಡಸರಿಗೆ ಸಿಕ್ಕಿತ್ತು. ಸಂಜೆ ಆರಕ್ಕೆ ಬೆಟ್ಟದ ಬುಡದ ಗೇಟು ಮುಚ್ಚುತ್ತದೆ. ತಡವಾಗಿ ಬಂದವರು ಕೆಳಗೇ ಕೆರೆಯ ಸುತ್ತ ಓಡಿ ಮುಗಿಸಬೇಕು. ನಾಲ್ವರೂ ಕೆರೆಯ ಸುತ್ತ ಓಡಿದವರೇ. ಈಗ ಕಾಫಿಗೆ ಕೂತಾಗ ಯಾರಾದರೂ ನೀಪದ ಮಾತೆತ್ತಿದರೆ ನಾಲ್ವರೂ ಒಟ್ಟಿಗೆ ಹವಾಮಾನದ ಬಗ್ಗೆ ಮಾತಾಡತೊಡಗುತ್ತಾರೆ.

ಐದನೆಯ ಸರದಿ ಗುನ್‌ವೋರಳದು. ಎರಡು ವರ್ಷ ಮೊದಲೇ ತಯಾರಿ ಶುರುವಾಗಿತ್ತು. ಮುದುಕರಿಗೆ ಬಿಸಿನೀರಿನಲ್ಲಿ ವ್ಯಾಯಾಮ ಮಾಡಿಸುವ ಕೊಳದಲ್ಲಿ, ಸೊಂಟ ನೋವಿನ ಅಜ್ಜಿಯರ ನಡುವೆ ನುಸುಳಿಕೊಂಡು ಈಜು ಕಲಿತಳು. ಒಗೆಯುವ ಕೋಣೆಯ ಮೂಲೆಯಲ್ಲಿ ಸೈಕಲ್ಲನ್ನು ಕಬ್ಬಿಣದ ಕಾಲಿಗೆ ಸಿಕ್ಕಿಸಿ, ಯಂತ್ರ ತಿರುಗುವಷ್ಟು ಹೊತ್ತು ತಾನೂ ಪೆಡಲು ತಿರುಗಿಸುತ್ತಿದ್ದಳು. ಹೊರಗೆ ಮಾತ್ರ ಯಾರ ಹತ್ತಿರವೂ ಚಕಾರವಿಲ್ಲ. ನಮ್ಮಲ್ಲಿ ನಾನು ಮಾಡುತ್ತೇನೆ ಎಂದು ಮೊದಲೇ ಹೇಳಿಕೊಂಡವನಿಗೆ ಸೋಲುವ ಮೊದಲೇ ಸಂತಾಪ ಸೂಚಿಸುತ್ತಾರೆ.

ಈ ಪಂದ್ಯಕ್ಕೊಂದು ಕಟ್ಟಳೆ ಇದೆ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಬೇಕು. ಅವನು ಕಾರಿನಲ್ಲಿ ಹಿಂದೆಮುಂದೆ ಓಡಾಡುತ್ತ ಊಟ, ಬಟ್ಟೆ ಒದಗಿಸಬೇಕು. ಕೊನೆಗೆ ಬೆಟ್ಟವನ್ನು ಅವನೂ ಜೊತೆಗೇ ಹತ್ತಬೇಕು, ಬೆನ್ನಿಗೆ ಚೀಲ ಹಾಕಿಕೊಂಡು. ಚೀಲದಲ್ಲಿ ಇಬ್ಬರಿಗೂ ಉಣ್ಣೆಯ ಒಳಅಂಗಿ, ಗಾಳಿ ತಡೆಯುವ ಮೇಲಂಗಿ, ಟೋಪಿ, ಕೈಗವಸು, ಹಣೆದೀಪ, ತಿಂಡಿ, ಬಿಸಿ ಪಾನೀಯ. ಆಗಸ್ಟಿನಲ್ಲೂ ನೀಪದ ಮೇಲೆ ಹಿಮ ಬಿದ್ದದ್ದುಂಟು. ಚೀಲವಿಲ್ಲದಿದ್ದರೆ ಗೇಟು ಇಲ್ಲ, ಜೊತೆಗಾರನಿಲ್ಲದಿದ್ದರೂ ಇಲ್ಲ.

ಜೊತೆಗಾರ ಆಗಬೇಕಿದ್ದವನು ಗಂಡ ಶೆಲ್. ಆದರೆ ಜುಲೈ ಕೊನೆಯಲ್ಲಿ ಮೂರು ದಿನ ಒಟ್ಟಿಗೆ ಬಿಸಿಲು ಬಂತು. ಹಾಗೆ ಬಂದರೆ ನಮ್ಮ ಕಡೆಯ ಗಂಡಸರೆಲ್ಲ ಮನೆಗೆ ಬಳಿಯುವ ಬಣ್ಣದ ಡಬ್ಬ ಹಿಡಿದು ಏಣಿ ಹತ್ತುತ್ತಾರೆ. ಶೆಲ್ ಹತ್ತಿದ, ಇಳಿಯುವಾಗ ಏಣಿಯನ್ನು ಬಳಸಲಿಲ್ಲ. ಕಾಲಿಗೆ ಪ್ಲಾಸ್ಟರ್.

ಅಂದು ಸಂಜೆಯೇ ಗುನ್‌ವೋರ್ ನನ್ನ ಬಾಗಿಲಿಗೆ ಬಂದಳು. “ಓಡ್‌ವಾರ್, ಒಂದು ಮಾತು. ಬೇಡ ಅಂದ್ರೂ ಪರವಾಗಿಲ್ಲ.”

“ಏನು ಹೇಳು.”

“ಶೆಲ್ ಬದಲು ನೀನು ಬರ್ತೀಯಾ?”

“ನಾನಾ? ನೀಪಕ್ಕಾ? ನನ್ನ ಹೊಟ್ಟೆ ನೋಡಿದೀಯಾ?”

“ನೋಡಿದೀನಿ. ಅದಕ್ಕೇ ಮೊದಲು ಬೇರೆ ಇಬ್ಬರನ್ನ ಕೇಳ್ದೆ.”

ಜಿಲ್ಲಾ ಪತ್ರಿಕೆಯಲ್ಲಿ ವಾರಕ್ಕೊಂದು ನಗೆಬರಹ ಬರೆಯುವುದು ನನ್ನ ಉದ್ಯೋಗ. ಅದರಿಂದ ಬೆಳೆಯುವ ಸ್ನಾಯು ಯಾವುದೂ ಬೆಟ್ಟಕ್ಕೆ ಉಪಯೋಗವಿಲ್ಲ. ಆದರೂ ಒಪ್ಪಿದೆ. ಆಚೆ ಮನೆಯ ಕಿಟಕಿಯಿಂದ ಶೆಲ್ ಕೂಗಿದ: “ಅವನನ್ನ ಕರ್ಕೊಂಡು ಹೋದ್ರೆ ಚೀಲದಲ್ಲಿ ಹಗ್ಗ ಇಟ್ಕೋ ಕಣೇ, ಎಳ್ಕೊಂಡು ಹೋಗ್ಬೇಕಾಗುತ್ತೆ!”

ಆ ರಾತ್ರಿಯಿಂದಲೇ ನನ್ನ ನಿದ್ದೆ ಕೆಟ್ಟಿತು. ಅವಳು ಸೋತರೆ ಅವಳದೊಂದು ಸೋಲು. ನನ್ನಿಂದ ಸೋತರೆ ಬೇಲಿಯ ಪಕ್ಕದಲ್ಲಿ ಅವಳ ಮುಖ ನೋಡುತ್ತ ನಾನು ಇನ್ನೆಷ್ಟು ವರ್ಷ ಹುಲ್ಲು ಕತ್ತರಿಸಬೇಕು?

ಪಂದ್ಯದ ಬೆಳಿಗ್ಗೆ ದಂಡೆಯ ಮೇಲೆ ನಿಂತು ನೋಡಿದರೆ ನೀರಿನ ತುಂಬ ಕಿತ್ತಳೆ ಬಣ್ಣದ ಟೋಪಿಗಳು. ಎಲ್ಲವೂ ಗುನ್‌ವೋರ್, ಯಾವುದೂ ಗುನ್‌ವೋರ್ ಅಲ್ಲ. ಒಂದು ಟೋಪಿ ಬಹಳ ಹೊತ್ತು ಅಲ್ಲಾಡದಿದ್ದಾಗ ಗಾಬರಿಯಿಂದ ಕೈ ಮಾಡಿ ತೋರಿಸಿದೆ. ಪಕ್ಕದವರು ಅದು ದಾರಿ ತೋರಿಸುವ ತೇಲುಗುಂಡು ಎಂದರು. ಅರ್ಧಕ್ಕಿಂತ ಹೆಚ್ಚು ಜನ ಬಂದ ಮೇಲೆ ಅವಳು ಬಂದಳು. ಲೋಳೆಮೀನು ಮುಖಕ್ಕೆ ಕುಟುಕಿ ತುಟಿ ಬನ್ನಿನಂತೆ ಊದಿತ್ತು. ಅವಳ ಬದಲಿಗೆ ನಿಂತಿದ್ದ ಹೆಂಗಸು ಕಂಬಳಿ ಹೊದಿಸಲು ಬಂದರೆ ಗುನ್‌ವೋರ್ ಎರಡು ಹೆಜ್ಜೆ ಹಿಂದೆ ಸರಿದು, “ನನ್ನ ಹಿಂದೆ ಬರ್ತಿರೋರಿಗೆ ಕೊಡು, ಅವರಿಗೆ ಚಳಿ,” ಎಂದಳು.

“ಹೇಗಿದೀಯ?” ಎಂದು ಕೇಳಿದೆ.

ಆ ತುಟಿಯಲ್ಲಿ ಆಗಬಹುದಾದಷ್ಟು ಸ್ಪಷ್ಟವಾಗಿ ಪರವಾಗಿಲ್ಲ ಎಂದಳು.

ಸೈಕಲ್ಲಿನ ದಾರಿಯುದ್ದಕ್ಕೂ ನಾನು ಮುಂದೆ ಹೋಗಿ ಕಾರು ನಿಲ್ಲಿಸುವುದು, ಕಂದು ಚೀಸ್ ಸುತ್ತಿದ ಆಲೂಗಡ್ಡೆ ರೊಟ್ಟಿ ಚಾಚಿಕೊಂಡು ನಿಲ್ಲುವುದು, ಅವಳು ಕಸಿದುಕೊಂಡು ಹೋಗುವುದು. ಎರಡು ಕಣಿವೆ ದಾಟುವಷ್ಟರಲ್ಲಿ ಎದುರುಗಾಳಿ ಶುರುವಾಯಿತು. ಮನೆಯಿಂದ ಶೆಲ್‌ನ ಫೋನಿನ ಮೇಲೆ ಫೋನು.

“ತಿಂದ್ಲಾ?”

“ಅರ್ಧ ತಿಂದ್ಲು.”

“ಏನಂದ್ಲು?”

“ಪರವಾಗಿಲ್ಲ ಅಂದ್ಲು.”

“ಹಾಗಾದ್ರೆ ಏನೋ ಆಗಿದೆ,” ಎಂದ ಶೆಲ್.

ಅದಾದ ಮೇಲೆ ನಾನು ಅವಳ ಮುಖವನ್ನು ವೈದ್ಯನಂತೆ ನೋಡತೊಡಗಿದೆ. ವೈದ್ಯನಲ್ಲದವನು ವೈದ್ಯನಂತೆ ನೋಡಿದರೆ ಎಲ್ಲರಲ್ಲೂ ಕಾಯಿಲೆಯೇ ಕಾಣುತ್ತದೆ.

ಆದರೂ ಓಟ ಶುರುಮಾಡಿದಾಗ ಹೊತ್ತು ಮಿಕ್ಕಿತ್ತು. ಹೀಗೇ ಹೋದರೆ ಆರು ಗಂಟೆಗಿಂತ ಸಾಕಷ್ಟು ಮೊದಲೇ ಗೇಟು ಸೇರುತ್ತಾಳೆ. ಕೆರೆಯ ಬದಿಯ ರಸ್ತೆಯಲ್ಲಿ ಮಹಿಳಾ ಸಂಘದವರು ದೋಸೆಯಂಥ ಸಿಹಿ ವಾಫಲ್ ಸುಡುತ್ತಿದ್ದರು. ಅಲ್ಲಿ ಕಾರು ನಿಲ್ಲಿಸಿ, ಬೆಟ್ಟದ ಚೀಲವನ್ನು ಒಮ್ಮೆ ಬೆನ್ನಿಗೆ ಹಾಕಿ ನೋಡೋಣ ಎಂದು ಹೊರತೆಗೆದೆ. ಪಟ್ಟಿ ಹೊಟ್ಟೆಗೆ ಎಟುಕಲಿಲ್ಲ. ಅಷ್ಟರಲ್ಲಿ ಗುನ್‌ವೋರ್ ಬರುತ್ತಿರುವುದು ಕಂಡಿತು. ಚೀಲವನ್ನು ಬರ್ಚ್ ಮರಕ್ಕೆ ಒರಗಿಸಿ, ಸಾರಿನ ಲೋಟ ಹಿಡಿದು ಅವಳ ಜೊತೆ ಒಂದಿಷ್ಟು ದೂರ ಓಡಿದೆ. ಓಡಿದೆ ಎಂದು ನಾನು ಹೇಳುತ್ತೇನೆ. ಅವಳು ಏದುಸಿರಿನಲ್ಲೇ, “ಓಡ್‌ವಾರ್, ಬೆಟ್ಟಕ್ಕೆ ಸ್ವಲ್ಪ ಉಳಿಸ್ಕೋ,” ಎಂದಳು.

ತಿರುಗಿ ಬಂದರೆ ಮರವಿದೆ, ಚೀಲವಿಲ್ಲ.

ನಮ್ಮ ಕಣಿವೆಯಲ್ಲಿ ಕಳವಿಲ್ಲ. ಮನೆಗೆ ಬೀಗ ಹಾಕುವವನನ್ನು ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಹಾಗಾಗಿ ಮೊದಲು ಬೇರೆ ಮರಗಳ ಬುಡ ನೋಡಿದೆ. ಆಮೇಲೆ ವಾಫಲ್ ಹೆಂಗಸರನ್ನು ಕೇಳಿದೆ.

“ಆ ನೀಲಿ ಚೀಲಾನಾ?” ಎಂದಳು ಒಬ್ಬಳು ಸಂತೋಷದಿಂದ. “ಯೋಚನೆ ಮಾಡ್ಬೇಡ, ಜೋಪಾನವಾಗಿದೆ! ಒಬ್ರು ಗಂಡ ಹೆಂಡ್ತಿ ಬಂದಿದ್ರು. ಪಾಪ, ಯಾರೋ ಮರೆತು ಹೋಗಿದಾರೆ ಅಂತ ತಗೊಂಡು ಹೋದ್ರು.”

“ಎಲ್ಲಿಗೆ?”

“ಹೆಲ್ಲೆವೋಗ್‌ಗೆ. ಪಂದ್ಯದ ಕಚೇರೀಲಿ ಕೊಡ್ತಾರಂತೆ. ಅವರು ವಾಪಸ್ ಹೋಗೋ ದಾರಿ ಅದಲ್ಲ, ಆದ್ರೂ ಹೋದ್ರು ನೋಡು. ಎಂಥ ಒಳ್ಳೆ ಜನ!”

ಹೆಲ್ಲೆವೋಗ್ ಎಂದರೆ ನಾವು ಬೆಳಿಗ್ಗೆ ಹೊರಟ ಜಾಗ, ಎರಡು ಕಣಿವೆಗಳಾಚೆ. ಕಳ್ಳನಾಗಿದ್ದರೆ ಬೇಕಾದದ್ದು ತೆಗೆದುಕೊಂಡು ಚೀಲವನ್ನು ಮುಂದಿನ ಚರಂಡಿಯಲ್ಲಿ ಎಸೆದಿರುತ್ತಿದ್ದ, ಹುಡುಕಬಹುದಿತ್ತು. ಈ ಪುಣ್ಯಾತ್ಮರನ್ನು ಹಿಡಿಯುವುದು ಹೇಗೆ? ಕಚೇರಿಗೆ ಫೋನು ಮಾಡಿದೆ. “ಇನ್ನೂ ಬಂದಿಲ್ಲ, ಬಂದ ತಕ್ಷಣ ಭದ್ರವಾಗಿ ಒಳಗಿಡ್ತೀವಿ,” ಎಂದರು.

ಮುಂದಿನ ತಿರುವಿನಲ್ಲಿ ಗುನ್‌ವೋರ್ ಸಿಕ್ಕಾಗ ಬಾಳೆಹಣ್ಣು ಕೊಟ್ಟೆ. ಅವಳು ನನ್ನ ಮುಖ ನೋಡಿದಳು. “ಎಲ್ಲಾ ಸರಿಯಿದೆಯಾ?”

“ಪರವಾಗಿಲ್ಲ,” ಎಂದೆ.

ಗೇಟಿನ ಹತ್ತಿರ ಕೈಯಲ್ಲಿ ಗಡಿಯಾರ ಹಿಡಿದು ಕೂತಿದ್ದವಳು ರಾಂಡಿ ಮೇಡಂ. ನನಗೂ ಗುನ್‌ವೋರ್‌ಗೂ ಶಾಲೆಯಲ್ಲಿ ಲೆಕ್ಕ ಕಲಿಸಿದವಳು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, “ನೀನು ಮನೆಲೆಕ್ಕಕ್ಕೂ ಇಂಥ ಕಥೇನೇ ಹೇಳ್ತಿದ್ದೆ,” ಎಂದಳು.

“ಮೇಡಂ, ಅವಳ ತಪ್ಪೇನಿದೆ ಇದರಲ್ಲಿ?”

“ಏನೂ ಇಲ್ಲ. ಮಂಜಿಗೆ ಅದು ಗೊತ್ತಿರಲ್ಲ, ಅಷ್ಟೆ. ಚೀಲ ಬೇಕು, ಒಳಗೆ ಎಲ್ಲಾ ಇರ್ಬೇಕು. ಯಾರ ಚೀಲ ಅಂತ ನಾನು ಕೇಳಲ್ಲ.”

ಕೊನೆಯ ಮಾತನ್ನು ಅವಳು ಗಡಿಯಾರ ನೋಡುತ್ತ ಹೇಳಿದಳು. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಲೆಕ್ಕದಲ್ಲೂ ಹಾಗೆಯೇ ಆಗುತ್ತಿತ್ತು.

ಗೇಟಿನ ಬೇಲಿಯ ಸುತ್ತ ಹುರಿದುಂಬಿಸಲು ನಿಂತಿದ್ದ ಜನರ ಹತ್ತಿರ ಹೋಗಿ ಬೇಡಿದೆ. ನನ್ನ ಬದುಕಿನಲ್ಲಿ ಅಪರಿಚಿತರ ಹತ್ತಿರ ಸಮಯ ಎಷ್ಟೆಂದು ಕೇಳಿದವನೂ ಅಲ್ಲ. ಒಬ್ಬರು ಕೈಗವಸು ಕೊಟ್ಟರು, ಒಬ್ಬರು ಟೋಪಿ. ಎಳೆ ವಯಸ್ಸಿನ ಗಂಡ ಹೆಂಡತಿ ಮಗುವಿನ ಬಟ್ಟೆಯ ಚೀಲವನ್ನೇ ಖಾಲಿ ಮಾಡಿ ಕೊಟ್ಟರು. ಹಳದಿ ಬಾತುಕೋಳಿಗಳ ಚಿತ್ರವಿತ್ತು, ಬೆನ್ನಿಗೆ ಹಾಕುವ ಪಟ್ಟಿಯೂ ಇತ್ತು. ಮೇಲಂಗಿಗಳು ಬಂದವು, ಥರ್ಮಾಸ್ ಬಂತು, ಯಾರದೋ ಕಾರಿನಿಂದ ಎರಡು ಹಣೆದೀಪ ಬಂದವು. ಹುಲ್ಲಿನ ಮೇಲೆ ರಾಶಿ ಬೆಳೆಯಿತು. ಒಂದು ಉಣ್ಣೆಯ ಒಳಅಂಗಿ ಮಾತ್ರ ಕಮ್ಮಿ.

ಆಗ ಗುನ್‌ವೋರ್ ಬಂದಳು. ಆರಕ್ಕೆ ಇನ್ನು ಕಾಲು ಗಂಟೆ. ರಾಶಿಯನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲ ಹೋದದ್ದನ್ನು ಹೇಳಿದೆ. ಬಯ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ರಾಶಿಯ ಮುಂದೆ ನಿಂತು, “ಇಲ್ಲ, ಇದು ಬೇಡ,” ಎಂದಳು.

“ಏನು ಬೇಡ?”

“ಜನ ಇಲ್ಲಿ ಚಳೀಲಿ ನಿಂತಿದಾರೆ. ಅವರ ಬಟ್ಟೆ ತಗೊಂಡು ಹೋಗೋದಾ? ನಾನು ಕೆರೆ ಸುತ್ತ ಓಡ್ತೀನಿ. ಪರವಾಗಿಲ್ಲ.”

“ಗುನ್‌ವೋರ್, ಹತ್ತು ನಿಮಿಷ ಇದೆ!”

“ಪರವಾಗಿಲ್ಲ ಅಂದ್ನಲ್ಲ.” ಹಾಗೆ ಹೇಳುವಾಗ ಅವಳ ಕಣ್ಣು ಮಾತ್ರ ಗೇಟಿನಾಚೆಯ ಕಲ್ಲುದಾರಿಯ ಮೇಲಿತ್ತು. ಅಲ್ಲಿ ಒಬ್ಬಳು ಓಟಗಾರ್ತಿ, ಅವಳ ಜೊತೆಗಾರ, ನಿಧಾನವಾಗಿ ಮಂಜಿನೊಳಕ್ಕೆ ಹೋಗುತ್ತಿದ್ದರು. ಹನ್ನೊಂದು ವರ್ಷ ಬೇರೆಯವರ ಮೈಮೇಲೆ ಕಂಬಳಿ ಹಾಕಿದ ಹೆಂಗಸಿಗೆ ತನ್ನ ಮೈಮೇಲೆ ಬೇರೆಯವರದನ್ನು ಹಾಕಿಸಿಕೊಳ್ಳುವುದು ಬರುವುದಿಲ್ಲ. ಅದನ್ನು ಒಂಬತ್ತು ನಿಮಿಷದಲ್ಲಿ ಕಲಿಸುವುದು ಹೇಗೆ? ನಾನು ಬೇಡಿಕೊಂಡೆ, ಗದರಿಸಿದೆ. ಅವಳು ಶೂ ಲೇಸು ಬಿಗಿಮಾಡುತ್ತ ಕೆರೆಯ ಕಡೆ ತಿರುಗಿದಳು.

ಜನರ ನಡುವಿನಿಂದ ಸ್ವೆರ್ರೆ ಮುಂದೆ ಬಂದ. ಬೆಳಿಗ್ಗೆ ದೋಣಿ ನಡೆಸಿದವನು ಅವನೇ, ಎಂಬತ್ತರ ಹತ್ತಿರದ ಮುದುಕ. ಕೋಟು ಬಿಚ್ಚಿದ, ಸ್ವೆಟರ್ ಬಿಚ್ಚಿದ, ಕೊನೆಗೆ ಉಣ್ಣೆಯ ಒಳಅಂಗಿಯನ್ನೂ ತಲೆಯ ಮೇಲಿಂದ ಎಳೆದು ತೆಗೆದ. ಇಡೀ ಕಣಿವೆಯ ಮುಂದೆ ಬಿಳಿ ಹೊಟ್ಟೆ ಬಿಟ್ಟುಕೊಂಡು ನಿಂತು ಅಂಗಿ ಚಾಚಿದ.

“ತಗೋ.”

“ಸ್ವೆರ್ರೆ, ಸ್ವೆಟರ್ ಹಾಕ್ಕೊ! ಶೀತ ಆಗುತ್ತೆ!”

“ಆಗುತ್ತೆ. ನೀನು ಗೇಟು ದಾಟೋ ತನಕ ಹಾಕ್ಕೊಳಲ್ಲ. ನ್ಯುಮೋನಿಯಾ ಆದ್ರೆ ನಿನ್ನ ವೃದ್ಧಾಶ್ರಮಕ್ಕೇ ಬರ್ತೀನಿ. ದಿನಾ ಮೂರು ಸಲ ಹಾಸಿಗೆ ಒದ್ದೆ ಮಾಡ್ತೀನಿ. ಯೋಚನೆ ಮಾಡ್ಕೋ.”

ಜನ ನಕ್ಕರು. ಗುನ್‌ವೋರ್ ನಗಲಿಲ್ಲ. ಅಂಗಿಯನ್ನು ಕೈಗೆ ತೆಗೆದುಕೊಂಡಳು, ಅಭ್ಯಾಸಬಲದಿಂದ ಮಡಿಸಿದಳು, ಚೀಲದೊಳಗೆ ಇಟ್ಟಳು. “ಥ್ಯಾಂಕ್ಸ್,” ಎಂದಳು. ಆ ಪದ ಬಾಯಿಂದ ಹೊರಬರಲು ಬೆಟ್ಟ ಹತ್ತುವಷ್ಟು ಕಷ್ಟಪಟ್ಟಿತು. ರಾಂಡಿ ಮೇಡಂ ಒಂದೊಂದನ್ನೂ ಎತ್ತಿ, ಬಿಚ್ಚಿ ನೋಡಿ, ಹಣೆದೀಪ ಹತ್ತಿಸಿ ಆರಿಸಿ, ಪರೀಕ್ಷೆಯ ಉತ್ತರ ತಿದ್ದುವ ಗತಿಯಲ್ಲಿ ನೋಡುವಾಗ ನಾನು ಅವಳ ಗಡಿಯಾರದ ನಿಮಿಷ ಎಣಿಸುತ್ತಿದ್ದೆ. “ಹೋಗಿ,” ಎಂದಳು. ನಮ್ಮ ಬೆನ್ನ ಹಿಂದೆಯೇ ಗೇಟು ಮುಚ್ಚಿದ ಸದ್ದು ಕೇಳಿತು.

ಬೆಟ್ಟದ ಬಗ್ಗೆ ನಾನು ಹೆಚ್ಚು ಹೇಳಲಾರೆ. ನನ್ನ ಕಣ್ಣಿಗೆ ಕಂಡದ್ದು ಮುಂದಿನ ಕಲ್ಲು ಮತ್ತು ಗುನ್‌ವೋರಳ ಹಿಮ್ಮಡಿ. ಅರ್ಧ ದಾರಿಯಲ್ಲಿ ಆ ಹಿಮ್ಮಡಿಗಳು ನಿಂತವು. ಅವಳು ಬಂಡೆಗೆ ಕೈಯೂರಿ ವಾಂತಿ ಮಾಡಿದಳು. ಸ್ವಲ್ಪ ಮೇಲೆ ಹೋಗಿ ಮತ್ತೊಮ್ಮೆ. ಮಂಜು ಇಳಿದಿತ್ತು, ಗಾಳಿ ಚುಚ್ಚುತ್ತಿತ್ತು, ಅವಳ ತುಟಿ ಈಗ ಊದಿಕೊಂಡದ್ದಲ್ಲದೆ ನೀಲಿಯಾಗಿತ್ತು.

“ಹೇಗಿದೀಯ?”

“ಪರವಾಗಿಲ್ಲ.”

ನನಗೆ ಭಯವಾಯಿತು. ಇಷ್ಟು ಹೊತ್ತು ಅವಳು ತುದಿ ಮುಟ್ಟದೆ ಹೋದರೆ ಎಂಬ ಭಯ. ಈಗ ಮುಟ್ಟಿಯೇ ಮುಟ್ಟುತ್ತಾಳೆ, ಆಮೇಲೆ ಏನಾಗುತ್ತದೋ ಎಂಬ ಭಯ.

ಬೆಟ್ಟದ ಹೆಗಲ ಮೇಲೆ ಒಂದು ಕಲ್ಲಿನ ಗುಡಿಸಲು. ಅಲ್ಲಿ ವೈದ್ಯೆಯೊಬ್ಬಳು ಕೂತು ಹಾದುಹೋಗುವ ಪ್ರತಿಯೊಬ್ಬರನ್ನೂ ನೋಡಿ ಬಿಡುತ್ತಾಳೆ, ಇಲ್ಲವೇ ಕೆಳಗಿಳಿಸುತ್ತಾಳೆ. ಹೊರಗಿನ ಊರಿನವಳು, ಚಿಕ್ಕ ವಯಸ್ಸು. ಗುನ್‌ವೋರಳ ಕೈ ಹಿಡಿದು ನೋಡಿ, “ಹೇಗಿದೆ?” ಎಂದಳು.

“ಪರವಾಗಿಲ್ಲ.”

ವೈದ್ಯೆ ನನ್ನ ಕಡೆ ತಿರುಗಿದಳು. “ನೀನು ಹೇಳು. ನಿಜವಾಗ್ಲೂ ಹೇಗಿದಾಳೆ?”

ಗುನ್‌ವೋರ್ ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಿದ್ದಳು. ನಿಜ ಹೇಳಿದರೆ ಅವಳ ಜನ್ಮಕ್ಕೊಂದು ಸಲದ ಅವಕಾಶ ಇಲ್ಲಿಗೆ ಮುಗಿಯಿತು, ಮುಗಿಸಿದವನು ನಾನು. ಸುಳ್ಳು ಹೇಳಿ ಮೇಲೆ ಅವಳಿಗೇನಾದರೂ ಆದರೆ? ಬಾಯಿ ತೆರೆದೆ. ಏನು ಹೇಳಲು ತೆರೆದೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

“ಅವನನ್ನ ಕೇಳ್ಬೇಡ,” ಎಂದಳು ಗುನ್‌ವೋರ್. “ಎರಡು ಸಲ ವಾಂತಿ ಆಯ್ತು. ಸೈಕಲ್ಲಲ್ಲಿ ಇದ್ದಾಗಿಂದ್ಲೂ ಹೊಟ್ಟೆ ಸರಿಯಿಲ್ಲ. ಎಡಗಾಲಿನ ಉಗುರು ಕಿತ್ತು ಹೋಗಿದೆ. ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ತುಂಬಾ ಚಳಿ ಆಗ್ತಿದೆ.” ಉಸಿರೆಳೆದುಕೊಂಡಳು. “ಭಯ ಆಗ್ತಿದೆ. ನೀನು ವಾಪಸ್ ಕಳಿಸ್ತೀಯಾ ಅಂತ.”

ಮೂವತ್ತು ವರ್ಷದಲ್ಲಿ ಬೇಲಿಯಾಚೆಯಿಂದ ನಾನು ಕೇಳಿದ್ದಕ್ಕಿಂತ ಹೆಚ್ಚು ಆ ಒಂದು ಉಸಿರಿನಲ್ಲಿ ಕೇಳಿದೆ.

ವೈದ್ಯೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಒದ್ದೆ ಅಂಗಿ ತೆಗೆಸಿ ಸ್ವೆರ್ರೆಯ ಒಳಅಂಗಿ ತೊಡಿಸಿದಳು. ಕುರಿ, ಡೀಸೆಲ್ಲು, ನಶ್ಯದ ವಾಸನೆ ಗುಡಿಸಲು ತುಂಬಿತು. ಉಪ್ಪು ಸಾರು ಕೊಟ್ಟು, “ಗುಟುಕು ಗುಟುಕಾಗಿ ಕುಡಿ. ಅದು ಹೊಟ್ಟೇಲಿ ನಿಂತ್ರೆ ಮುಂದಿನ ಮಾತು,” ಎಂದಳು. ನಾವು ಮೂವರೂ ಗುನ್‌ವೋರಳ ಹೊಟ್ಟೆಯನ್ನು ನೋಡುತ್ತ ಕೂತೆವು. ಹೊರಗೆ ಗಾಳಿ. ಒಂದು ಸಲ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ನಾನು ಬೆಂಚಿನ ಅಂಚು ಹಿಡಿದೆ. ಬಂದದ್ದು ಬರೀ ತೇಗು. ತುಟಿಗೆ ನಿಧಾನವಾಗಿ ಬಣ್ಣ ಬಂತು.

“ಹೋಗು,” ಎಂದಳು ವೈದ್ಯೆ. “ನೀನು ಎಲ್ಲಾ ಬಿಡಿಸಿ ಹೇಳಿದ್ಯಲ್ಲ, ಅದಕ್ಕೇ ಕಳಿಸ್ತಿದೀನಿ. ಇನ್ನೊಂದ್ಸಲ ಪರವಾಗಿಲ್ಲ ಅಂದಿದ್ರೆ ಕೆಳಗೇ ಕಳಿಸ್ತಿದ್ದೆ. ಮೇಲೆ ಏನಾದ್ರೂ ಅನಿಸಿದ್ರೆ ಇವನಿಗೆ ಹೇಳು.”

ಆಮೇಲಿನ ದಾರಿಯುದ್ದಕ್ಕೂ ಅವಳು ಹೇಳಿದಳು. ಮಂಡಿ ನೋಯುತ್ತಿದೆ ಎಂದಳು. ಈ ಕಲ್ಲು ಜಾರುತ್ತದೆ, ಕೈಕೊಡು ಎಂದಳು. ಲೋಳೆಮೀನಿಗೆ ಒಂದು ಬೈಗುಳ ಹಾಕಿದಳು, ಅದನ್ನು ನಮ್ಮ ಪತ್ರಿಕೆ ಅಚ್ಚು ಹಾಕುವುದಿಲ್ಲ. ನಾನೂ ನನ್ನ ಸೊಂಟದ ವಿಷಯ ಹೇಳಿದೆ. ಹೀಗೆ ನರಳುತ್ತ, ಬಾತುಕೋಳಿಯ ಚೀಲ ಹೊತ್ತುಕೊಂಡು, ನಾವು ತುದಿ ಮುಟ್ಟಿದಾಗ ನಮ್ಮ ಹಿಂದೆ ಯಾರೂ ಇರಲಿಲ್ಲ.

ಅಲ್ಲಿ ಒಂದು ಕಲ್ಲು, ಸುತ್ತ ಮಂಜು, ಮಳೆಯಂಗಿ ತೊಟ್ಟು ಹೆಸರು ಬರೆದುಕೊಳ್ಳುವ ಒಬ್ಬ ಮನುಷ್ಯ. ಬೇರೇನೂ ಕಾಣುತ್ತಿರಲಿಲ್ಲ. ಗುನ್‌ವೋರ್ ಕಲ್ಲಿನ ಮೇಲೆ ಅಂಗೈಯನ್ನು ಚಪ್ಪಟೆಯಾಗಿ ಇಟ್ಟಳು. ಸುತ್ತ ನೋಡಿದಳು.

“ಇಷ್ಟೇನಾ?” ಎಂದಳು.

ಆ ಮನುಷ್ಯ ತಾನೇ ತಪ್ಪು ಮಾಡಿದವನಂತೆ, “ಮೋಡ ಇಲ್ದಿದ್ರೆ ಸಮುದ್ರ ಕಾಣ್ಸುತ್ತೆ,” ಎಂದ.

“ಇರ್ಲಿ. ಇಷ್ಟು ಸಾಕು.” ಅವಳು ಕಲ್ಲಿಗೆ ಬೆನ್ನು ಕೊಟ್ಟು ಕೂತಳು. ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ಮಂಜಿನ ಹನಿಯೇ ಇರಬೇಕೆಂದು ನಾನು ಬೇರೆ ಕಡೆ ನೋಡಿದೆ.

ಕತ್ತಲಾಗುವ ಮೊದಲು ಇಳಿಯಬೇಕು ಎಂದು ನನ್ನ ಮಂಡಿಗಳು ಆಗಲೇ ಕೂಗಿಡುತ್ತಿದ್ದವು. “ಗುನ್‌ವೋರ್, ಹೊರಡೋಣ್ವಾ? ಹೊತ್ತಾಯ್ತು.”

“ಕೂತ್ಕೋ ಓಡ್‌ವಾರ್,” ಎಂದು ಪಕ್ಕದ ಕಲ್ಲನ್ನು ತೋಳಿನಿಂದ ಒರೆಸಿದಳು. “ಇನ್ನು ಮುಚ್ಚೋ ಗೇಟು ಯಾವುದೂ ಇಲ್ಲ.”